ಸಲಾಂ, ಸಲಾತ್, ಜಕಾತ್: ಯಾವುದು ಒಡಹುಟ್ಟು, ಯಾವುದು ಎರವಲು?

ಪ್ರಶ್ನೆ: ಸಲಾಂ, ಸಲಾತ್ (ಪ್ರಾರ್ಥನೆ), ಜಹನ್ನಮ್ (ನರಕ) ಮುಂತಾದ ಅರಬ್ಬಿಯ ಧಾರ್ಮಿಕ ಪದಗಳೆಲ್ಲ ಹೀಬ್ರೂ, ಸಿರಿಯಾಕ್ ಭಾಷೆಗಳಿಂದ ಬಂದವೆಂದು ಓದಿದೆ. ಇದು ನಿಜವೇ? ನಮ್ಮ ‘ಜಕಾತಿ’ಗೂ ಅರಬ್ಬಿಯ ಜಕಾತ್‌ಗೂ ಸಂಬಂಧವಿದೆಯೇ?

ಉತ್ತರ: ‘ಎಲ್ಲ’ ಎಂಬ ಮಾತನ್ನು ಒಪ್ಪಲಾಗದು. ಅರಬ್ಬಿ, ಹೀಬ್ರೂ, ಅರಮಾಯಿಕ್ (ಸಿರಿಯಾಕ್ ಇದರದೇ ಒಂದು ರೂಪ), ಇಥಿಯೋಪಿಯದ ಗೀಜ್ ಇವೆಲ್ಲವೂ ಸೆಮಿಟಿಕ್ ಕುಟುಂಬದ ಭಾಷೆಗಳಾದ್ದರಿಂದ, ಎರಡು ಪದಗಳು ಒಂದನ್ನೊಂದು ಹೋಲಿದಾಗ ಅದು ಹುಟ್ಟಿನಿಂದ ಬಂದ ನಂಟೋ ಎರವಲೋ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು. ತಮಿಳಿನಲ್ಲಿ ‘ಪಾಲ್’ ಇದೆಯೆಂದು ಕನ್ನಡದ ‘ಹಾಲು’ ತಮಿಳಿನ ಎರವಲೆಂದು ನಾವು ಹೇಳುವುದಿಲ್ಲವಷ್ಟೆ. ಅದೇ ರೀತಿ ಅರಬ್ಬಿಯ ‘ಸ’ಕಾರಕ್ಕೆ ಪ್ರತಿಯಾಗಿ ಹೀಬ್ರೂವಿನಲ್ಲಿ ‘ಶ’ಕಾರ ಬರುವುದು ಸಾಮಾನ್ಯ ನಿಯಮ, ನಾಲಿಗೆಗೆ ಅಲ್ಲಿ ‘ಲಿಸಾನ್’, ಇಲ್ಲಿ ‘ಲಾಶೋನ್’. ಸಲಾಂ ಮತ್ತು ಶಾಲೋಮ್ ಈ ನಿಯಮಕ್ಕೆ ಒಪ್ಪುವ ಜ್ಞಾತಿಪದಗಳು, ಅಂದರೆ ಒಂದೇ ಮೂಲದ ಒಡಹುಟ್ಟುಗಳು.

ಸಲಾತ್‌ನ ಕಥೆ ಬೇರೆ. ಕುರಾನಿನ ಹಳೆಯ ಬರವಣಿಗೆಯಲ್ಲಿ ಈ ಪದದ ನಡುವೆ, ‘ಆ’ ಎಂದು ಉಚ್ಚರಿಸುವ ಕಡೆ, ಸಾಮಾನ್ಯವಾಗಿ ‘ವ’ ಅಥವಾ ‘ಊ’ವನ್ನು ಸೂಚಿಸುವ ‘ವಾವ್’ ಎಂಬ ಅಕ್ಷರ ನಿಂತಿದೆ. ಸಿರಿಯಾಕ್ ಕ್ರೈಸ್ತರು ಪ್ರಾರ್ಥನೆಯನ್ನು ‘ಸ್ಲೋಥಾ’ ಎನ್ನುತ್ತಿದ್ದರು. ಅದರ ಬರವಣಿಗೆಯಲ್ಲೂ ಅದೇ ಜಾಗದಲ್ಲಿ ಅದೇ ಅಕ್ಷರವಿದೆ. ಅರಮಾಯಿಕ್ ಮೂಲವನ್ನು ಅನೇಕ ವಿದ್ವಾಂಸರು ಒಪ್ಪುವುದಕ್ಕೆ ಈ ಪುಟ್ಟ ಕುರುಹೂ ಒಂದು ಕಾರಣ, ಮತ್ತು ನನಗೆ ಇದು ಬಹಳ ಬಲವಾದ ಸಾಕ್ಷ್ಯವಾಗಿ ಕಾಣುತ್ತದೆ. ಜಹನ್ನಮ್ ಪದದ ಬೇರು ಜೆರುಸಲೇಮಿನ ದಕ್ಷಿಣದ ಹಿನ್ನೋಮ್ ಕಣಿವೆಯ ಹೀಬ್ರೂ ಹೆಸರು ‘ಗೇ ಹಿನ್ನೋಮ್’. ಸಿರಿಯಾಕಿನಲ್ಲಿ ಕೊನೆಯ ‘ಮ’ಕಾರ ಬಿದ್ದು ‘ಗೇಹನ್ನಾ’ ಆಗಿದೆ, ಗೀಜ್‌ನಲ್ಲಿ ಮಾತ್ರ ‘ಗಹನ್ನಮ್’ ಎಂದೇ ಉಳಿದಿದೆ. ಆದ್ದರಿಂದ ಅರಬ್ಬಿಗೆ ಅದು ಇಥಿಯೋಪಿಯದ ಕಡೆಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಇದು ಪಾಶ್ಚಾತ್ಯರು ಹೊಸದಾಗಿ ಎತ್ತಿದ ಪ್ರಶ್ನೆಯೆಂದು ಭಾವಿಸಬಾರದು. ಕುರಾನಿನಲ್ಲಿ ಪರಭಾಷೆಯ ಪದಗಳೇ ಇಲ್ಲವೆಂದು ಇಸ್ಲಾಮೀ ಧರ್ಮಶಾಸ್ತ್ರಜ್ಞ ಇಮಾಮ್ ಶಾಫಿಈ ವಾದಿಸಿದ್ದರು. ಅವರ ನಂತರ ಅಬೂ ಉಬೈದ್ ಎಂಬ ವಿದ್ವಾಂಸರು, ಇಂಥ ಪದಗಳ ಮೂಲ ಹೊರಗಿನದಾದರೂ ಅರಬರ ನಾಲಿಗೆಯಲ್ಲಿ ಪಳಗಿ ಅವು ಅರಬ್ಬಿಯೇ ಆದವೆಂದು ಹೇಳಿ, ‘ಇವೆ’ ಮತ್ತು ‘ಇಲ್ಲ’ ಎನ್ನುವ ಎರಡೂ ಪಕ್ಷಗಳನ್ನು ಕೂಡಿಸಿದರು. 1505ರಲ್ಲಿ ತೀರಿಕೊಂಡ ಕೈರೋದ ವಿದ್ವಾಂಸ ಸುಯೂತಿ ಅಂಥ ಪದಗಳ ಪಟ್ಟಿಯನ್ನೇ ಮಾಡಿದ್ದರು.

ಇನ್ನು ಜಕಾತಿ. ಜಕಾತ್ ಪದದಲ್ಲೂ ಅದೇ ‘ವಾವ್’ ಇದೆ. ಪುಣ್ಯ, ನಿರ್ದೋಷತೆ ಎಂಬರ್ಥದ ಅರಮಾಯಿಕ್ ‘ಜಾಖೂಥಾ’ಕ್ಕೆ ಅದನ್ನು ಸೇರಿಸುತ್ತಾರೆ. ಅರಬ್ಬಿಯಲ್ಲಿ ಕಡ್ಡಾಯ ದಾನವಾದ ಆ ಪದವೇ ಪಾರಸಿಯನ್ನು ಹಾದು ದಖ್ಖನಿನ ಕಂದಾಯದ ಮಾತಿಗೆ ಇಳಿದು, ಕನ್ನಡದಲ್ಲಿ ಕಟ್ಟೆಯ ಬಳಿ ಸರಕಿನ ಮೇಲೆ ವಸೂಲು ಮಾಡುವ ಸುಂಕವಾಯಿತು.