ಸಬ್ಸಿಡಿಗೆ ಹನ್ನೆರಡು ತಿಂಗಳು, ಕೊಡಗಿನ ವ್ಯಾಪಾರಕ್ಕೆ ಏಳೆಂಟೇ

ಬೆಂಗಳೂರಿನಿಂದ ಬಂದು ಹೋಗುವವರು ಹೆಚ್ಚಾಗಿ ಕೇಳುವ ಪ್ರಶ್ನೆಯನ್ನೇ ನೀವೂ ಕೇಳಿದ್ದೀರಿ. ಇಷ್ಟು ಕಾಫಿ, ಇಷ್ಟು ಮೆಣಸು, ಜೇನು, ವಾರವಾರ ಇಷ್ಟು ಟೂರಿಸ್ಟ್, ಮೇಲೆ ಸರ್ಕಾರದ ಸ್ಕೀಮ್‌ಗಳು ಬೇರೆ, ಆದರೂ ಕೊಡಗಿನಲ್ಲಿ ಹೇಳಿಕೊಳ್ಳುವಂಥ ಸಣ್ಣ ಉದ್ದಿಮೆ ಯಾಕೆ ಇಲ್ಲ? ಜನ ಸೋಮಾರಿಗಳಾ, ಸ್ಕೀಮ್ ಬರೀ ಪೇಪರ್ ಮೇಲಾ?

ಎರಡೂ ಅಲ್ಲ. ನಾನು ಪೊನ್ನಂಪೇಟೆ ತಾಲ್ಲೂಕಿನವನು. ಕುಟ್ಟ ದಾಟಿದರೆ ತೋಲ್ಪೆಟ್ಟಿ, ಅಲ್ಲಿಂದಾಚೆ ವಯನಾಡು. ಮನೆಯವರೆಲ್ಲ ಸೇರಿ ಒಂದು ಪುಟ್ಟ ಕಾಫಿಪುಡಿ ಘಟಕ ನಡೆಸುತ್ತಿದ್ದೇವೆ, ಕಾಗದದಲ್ಲಿ ಅದು ಅತ್ತಿಗೆಯ ಹೆಸರಿನಲ್ಲಿದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ನನಗೆ ಕಂಡ ಹಾಗೆ ಸರ್ಕಾರದ ದುಡ್ಡು ಕಡಿಮೆ ಅಲ್ಲ. ಆದರೆ ಆ ದುಡ್ಡು ಬರುವ ರೀತಿ ಬಯಲುಸೀಮೆಯ ಪಟ್ಟಣಕ್ಕೆ ಹೊಲಿದ ಅಂಗಿ, ನಮ್ಮ ಮಳೆಗೂ ನಮ್ಮ ಜಮೀನಿನ ಕಾಗದಕ್ಕೂ ಅದು ಕೂರುವುದಿಲ್ಲ.

ಮೊದಲು ಏನೇನು ಇದೆ ಅಂತ ಹೇಳಿಬಿಡುತ್ತೇನೆ. ಇಲ್ಲಿ ಜಾಸ್ತಿ ಓಡುವುದು ಪಿಎಂಇಜಿಪಿ, ಹೊಸ ಘಟಕ ಹಾಕುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ, 2008ರಿಂದ ಇರುವ ಕೇಂದ್ರದ ಸ್ಕೀಮ್. ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತೆ, ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಖಾದಿ ಮಂಡಳಿ ನೋಡುತ್ತೆ, ಸಾಲ ಬ್ಯಾಂಕಿನದು. ತಯಾರಿಕೆಯಾದರೆ 50 ಲಕ್ಷದ ತನಕ, ಸೇವೆಯಾದರೆ 20 ಲಕ್ಷದ ತನಕ ಪ್ರಾಜೆಕ್ಟ್ ಹಾಕಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗದ ಗಂಡಸಿಗೆ ಶೇಕಡಾ 25 ಸಬ್ಸಿಡಿ. ಅದೇ ಹಳ್ಳಿಯಲ್ಲಿ ಹೆಂಗಸರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರಿಗೆ ಶೇಕಡಾ 35. ಅತ್ತಿಗೆಯ ಹೆಸರು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಕೊಡಗಿನಲ್ಲಿ ಮನೆಗೊಬ್ಬರು ಮಾಜಿ ಸೈನಿಕರು ಇರುವ ಊರುಗಳಿವೆ, ಅವರಿಗೂ ಇದು ಅನುಕೂಲ. ನಮ್ಮ ಅತ್ತಿಗೆ ನಿಜವಾಗಿಯೂ ಹುರಿಯುವ ಕೆಲಸ ಮಾಡುತ್ತಾರೆ ಅನ್ನಿ. ಆದರೆ ಬೋರ್ಡಿನಲ್ಲಿ ಹೆಂಡತಿ ಹೆಸರು, ಗಲ್ಲಾದಲ್ಲಿ ಗಂಡ, ಇಂಥ ಅಂಗಡಿಗಳನ್ನೂ ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾಫಿ ಬೆಳೆಯುವುದಕ್ಕೆ ಪಿಎಂಇಜಿಪಿ ಸಿಗುವುದಿಲ್ಲ, ಕಾಫಿ, ಟೀ, ರಬ್ಬರ್ ತೋಟ ಎಲ್ಲ ಅದರ ನಿಷೇಧದ ಪಟ್ಟಿಯಲ್ಲಿದೆ. ಬೆಳೆದದ್ದನ್ನು ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿದರೆ ಸಿಗುತ್ತೆ. ಮದ್ಯ ಸಹ ನಿಷೇಧದ ಪಟ್ಟಿಯಲ್ಲೇ ಇದೆ, ಹಾಗಾಗಿ ಮಡಿಕೇರಿಯಲ್ಲಿ ನೀವು ನೋಡಿದ 'ಹೋಂಮೇಡ್ ವೈನ್' ಬಾಟಲಿಗಳಿಗೆ ಈ ದಾರಿ ಇಲ್ಲ. ಅದಕ್ಕೆ ಅಬಕಾರಿಯ ಲೈಸೆನ್ಸ್ ಬೇಕು, ಆ ಕಥೆ ಇಲ್ಲಿ ಬೇಡ.

2020ರಲ್ಲಿ ಬಂದ ಪಿಎಂಎಫ್‌ಎಂಇ ಸಣ್ಣ ಆಹಾರ ಘಟಕಗಳಿಗೆ ಅಂತಲೇ ಮಾಡಿದ್ದು. ಕೇಂದ್ರದ ಸಬ್ಸಿಡಿ ಶೇಕಡಾ 35, ಹೆಚ್ಚೆಂದರೆ 10 ಲಕ್ಷ. ಅದರ ಮೇಲೆ ಕರ್ನಾಟಕ ಸರ್ಕಾರ ಶೇಕಡಾ 15 ಸೇರಿಸಿತು, ಒಟ್ಟು ಅರ್ಧಕ್ಕರ್ಧ, 15 ಲಕ್ಷದ ತನಕ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ಬೀಜಧನದ ಏರ್ಪಾಡೂ ಇದರಲ್ಲಿದೆ. ಕಾಚಂಪುಳಿ ಅನ್ನುವ ನಮ್ಮ ಕಪ್ಪು ಹುಳಿ, ಮಸಾಲೆ ಪುಡಿ, ಉಪ್ಪಿನಕಾಯಿ ಮಾಡುವ ಹೆಂಗಸರಿಗೆ ಪಿಎಂಇಜಿಪಿಗಿಂತ ಇದೇ ವಾಸಿ ಅಂತ ನನ್ನ ಅನಿಸಿಕೆ. ಮುದ್ರಾ ಸಾಲದ ಬಗ್ಗೆ ಎಲ್ಲರಿಗೂ ಗೊತ್ತು, ಮೊದಲ ಹಂತ 50,000ದ ತನಕ, ಕೊನೆಯ ಹಂತ ಈಗ 20 ಲಕ್ಷದ ತನಕ ಹೋಗುತ್ತೆ, ಆದರೆ ಅದರಲ್ಲಿ ಸಬ್ಸಿಡಿ ಇಲ್ಲ. ಉದ್ಯಮ್ ಅನ್ನುವ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ ಪೂರ್ತಿ ಉಚಿತ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ಫೋನಿನಲ್ಲೇ ಮುಗಿಯುವ ಕೆಲಸಕ್ಕೆ ದುಡ್ಡು ಕೀಳುವವರು ಪ್ರತಿ ಪೇಟೆಯಲ್ಲೂ ಇದ್ದಾರೆ. 2025ರ ಏಪ್ರಿಲ್‌ನಿಂದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ತನಕ ಇದ್ದರೂ 'ಮೈಕ್ರೋ', ಅಂದರೆ ಅತಿ ಸಣ್ಣದು ಅಂತಲೇ ಲೆಕ್ಕ. ಅಂದರೆ ಒಂದು ರೋಸ್ಟರ್ ಇರುವ ನಮ್ಮ ಅತ್ತಿಗೆಯೂ 10 ಕೋಟಿ ವಹಿವಾಟಿನ ಸಾಹುಕಾರರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಬ್ಯಾಂಕಿನವರು ಮೊದಲು ಯಾರನ್ನು ಒಳಗೆ ಕರೆಯುತ್ತಾರೆ ಅಂತ ನೀವೇ ಹೇಳಿ.

ಈಗ ತೊಡಕಿಗೆ ಬರೋಣ. ನಮ್ಮಲ್ಲಿ ಜಮ್ಮಾ ಜಮೀನು ಅಂತ ಇದೆ, ತಲೆತಲಾಂತರದಿಂದ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿ ಬಂದದ್ದು. ಪಟ್ಟೆದಾರ ಅಂತ ಒಬ್ಬರ ಹೆಸರು ಇರುತ್ತೆ, ಉಳಿದವರು ಪಾಲುದಾರರು. ಆ ಪಟ್ಟೆದಾರರು ತೀರಿಕೊಂಡು ಎರಡು ತಲೆಮಾರು ಕಳೆದರೂ ಎಷ್ಟೋ ಮನೆಗಳ ಆರ್‌ಟಿಸಿಯಲ್ಲಿ ಅವರ ಹೆಸರೇ ಕೂತಿದೆ. ನಾವು ಸಾಲಕ್ಕೆ ಹೋದಾಗ ಬ್ಯಾಂಕಿನ ಮ್ಯಾನೇಜರ್, ಆಗಷ್ಟೇ ಬೇರೆ ರಾಜ್ಯದಿಂದ ವರ್ಗವಾಗಿ ಬಂದವರು, ಆರ್‌ಟಿಸಿಯನ್ನು ಮೇಜಿನ ಮೇಲೆ ಹರಡಿಕೊಂಡು ಪೆನ್ನಿನ ತುದಿಯಲ್ಲಿ ಒಂದೊಂದೇ ಹೆಸರು ಮುಟ್ಟುತ್ತಾ ಹೋದರು. ಅಜ್ಜ, ಅಜ್ಜನ ತಮ್ಮ, ಅವರ ಮಕ್ಕಳು. "ಇದರಲ್ಲಿ ಅರ್ಜಿದಾರರ ಹೆಸರು ಎಲ್ಲಿ?" ಅಂದರು. ಇಲ್ಲ ಸರ್, ಅವರು ಈ ಮನೆಯ ಸೊಸೆ ಅಂದೆವು. "ಹಾಗಾದರೆ ಇಷ್ಟೂ ಜನರ ಸಹಿ ತನ್ನಿ" ಅಂದರು. ಇಷ್ಟೂ ಜನ ಅಂದರೆ ಒಬ್ಬರು ಮಸ್ಕತ್‌ನಲ್ಲಿ, ಇಬ್ಬರು ಮೈಸೂರಿನಲ್ಲಿ, ಒಬ್ಬರಿಗೆ ನಮ್ಮ ಅಪ್ಪನ ಜೊತೆ ಗಡಿಜಗಳ, ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ನಿಯಮ ಏನು ಗೊತ್ತಾ? ಸಣ್ಣ ಘಟಕಕ್ಕೆ ಕನಿಷ್ಠ 10 ಲಕ್ಷದ ತನಕ ಅಡಮಾನ ಕೇಳುವ ಹಾಗೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅದರ ಮೇಲಿನ ಸಾಲಕ್ಕೆ ಸಿಜಿಟಿಎಂಎಸ್‌ಇ ಅನ್ನುವ ಸರ್ಕಾರಿ ಖಾತ್ರಿ ಇದೆ, 2000ನೇ ಇಸವಿಯಿಂದ ಇದೆ. ಆದರೂ "ಫೈಲಿಗೆ ಇರಲಿ" ಅಂತ ಆರ್‌ಟಿಸಿ ಕೇಳುತ್ತಾರೆ. ಫೈಲಿಗೆ ಇರಲಿ ಅಂದದ್ದು ಆಮೇಲೆ ಫೈಲನ್ನೇ ತಡೆದು ನಿಲ್ಲಿಸುತ್ತೆ. ನಿಮಗೂ ಹೀಗೆ ಆದರೆ ಖಾತ್ರಿ ಸ್ಕೀಮಿನಲ್ಲಿ ಸಾಲ ಮಾಡಿ ಅಂತ ಲಿಖಿತ ಅರ್ಜಿ ಕೊಟ್ಟು, ಸೀಲ್ ಹಾಕಿಸಿಕೊಂಡು ಬನ್ನಿ. ಬಾಯಿಮಾತಿಗೆ ಯಾರೂ ಉತ್ತರ ಕೊಡುವುದಿಲ್ಲ. ನಮ್ಮದು ಕೊನೆಗೆ ಹಾಗೇ ಆಯಿತು.

ಜಮ್ಮಾ ಇರುವವರದ್ದೇ ಈ ಪಾಡು ಅಂದರೆ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ ಇರುವವರದ್ದು ಹೇಳುವುದೇ ಬೇಡ. ತೋಟದ ಲೈನಿನಲ್ಲಿ ಹುಟ್ಟಿ ಬೆಳೆದ ಯರವ ಬುಡಕಟ್ಟಿನ ಹುಡುಗನಿಗೆ ಜೇನು ಕೀಳುವುದು, ಪೆಟ್ಟಿಗೆ ಇಡುವುದು ಎಲ್ಲ ಗೊತ್ತು, ಆದರೆ ವಾಸದ ದಾಖಲೆ ಕೇಳಿದರೆ ಮನೆ ತೋಟದ ಮಾಲೀಕರದ್ದು. ಇನ್ನು ಕುಟ್ಟದಲ್ಲಿ ರಸ್ತೆ ಬದಿ ಹಣ್ಣು ಮಾರುವವರು. ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಸಾಲ 2020ರಲ್ಲಿ ಬಂದಾಗ ಅದು ಪಟ್ಟಣದ ಲೆಕ್ಕ. ವಿರಾಜಪೇಟೆಯ ತಳ್ಳುಗಾಡಿಗೆ ಸಾಲ, ಗ್ರಾಮ ಪಂಚಾಯಿತಿಯ ಕುಟ್ಟದ ತಳ್ಳುಗಾಡಿಗೆ ಇಲ್ಲ. ಗಿರಾಕಿ ಮಾತ್ರ ಎರಡೂ ಕಡೆ ಒಬ್ಬರೇ, ವಯನಾಡಿನಿಂದ ಬಂದವರು!

ಎರಡನೆಯದು ಮಳೆ, ಕರೆಂಟು. ಜೂನ್ ಬಂತೆಂದರೆ ಮರ ಬೀಳುತ್ತೆ, ಲೈನ್ ಹರಿಯುತ್ತೆ. ಹೋದ ಕರೆಂಟು ಸಂಜೆಗೆ ಬರಬಹುದು, ಮೂರನೇ ದಿನಕ್ಕೂ ಬರದೆ ಇರಬಹುದು. ಕಾಫಿ ಹುರಿಯುವ ಮಧ್ಯೆ ಕರೆಂಟು ಹೋದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕು. ಡ್ರಮ್ ನಿಲ್ಲುತ್ತೆ, ಕೆಳಗೆ ಗ್ಯಾಸ್ ಉರಿ ನಿಲ್ಲುವುದಿಲ್ಲ. ಅಡಿಯಲ್ಲಿರುವ ಬೀಜ ಅರೆ ನಿಮಿಷದಲ್ಲಿ ಕರಕಲು. ಒಬ್ಬರು ಓಡಿ ಗ್ಯಾಸ್ ಆಫ್ ಮಾಡಬೇಕು, ಇನ್ನೊಬ್ಬರು ಹಿಡಿ ಸಿಕ್ಕಿಸಿ ಡ್ರಮ್ಮನ್ನು ಕೈಯಲ್ಲೇ ತಿರುಗಿಸುತ್ತಾ ಬಾಗಿಲು ತೆಗೆದು ಬೀಜ ಹೊರಗೆ ಸುರಿಯಬೇಕು. ತಣಿಸುವ ಫ್ಯಾನೂ ನಿಂತಿರುತ್ತೆ, ಹಾಗಾಗಿ ಅತ್ತಿಗೆ ಮರದ ಸೌಟಿನಲ್ಲಿ ಕೆದಕುತ್ತಲೇ ಇರಬೇಕು, ಇಲ್ಲದಿದ್ದರೆ ಬೀಜ ತನ್ನ ಬಿಸಿಯಲ್ಲೇ ಇನ್ನೂ ಬೆಂದು ಕಹಿಯಾಗುತ್ತೆ. ಅಂಥ ಬೀಜವನ್ನು ಚಿಕೋರಿ ಜಾಸ್ತಿ ಹಾಕಿ ಸಾಗಿಸಿಬಿಡಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಚಿಕೋರಿ ಶೇಕಡಾ 49 ಮೀರುವ ಹಾಗಿಲ್ಲ ಅನ್ನುವುದು ಒಂದು ಮಾತು, ಅತ್ತಿಗೆ ಒಪ್ಪುವುದಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಮಾತು.

ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವವರ ಹತ್ತಿರ ಒಂದೇ ಅಚ್ಚು ಇರುತ್ತೆ, ಮೈಸೂರಿನ ಘಟಕಕ್ಕೂ ಅದೇ, ಪೊನ್ನಂಪೇಟೆಗೂ ಅದೇ. ಅದರಲ್ಲಿ ಜನರೇಟರ್ ಇರುವುದಿಲ್ಲ. ವರ್ಷಕ್ಕೆ 300 ದಿನ ಕೆಲಸ ಅಂತ ಬರೆದಿರುತ್ತಾರೆ, ಸುಮ್ನೆ. ನೀವು ಇಲ್ಲಿ ಏನಾದರೂ ಮಾಡುವುದಾದರೆ ಜನರೇಟರನ್ನು ಮೊದಲ ದಿನವೇ ಪ್ರಾಜೆಕ್ಟ್ ವೆಚ್ಚದೊಳಗೆ ಸೇರಿಸಿ, ಆಮೇಲೆ ಕೈಯಿಂದ ಹಾಕಿದರೆ ಅದಕ್ಕೆ ಸಬ್ಸಿಡಿ ಇಲ್ಲ.

ಮೂರನೆಯದೇ ನನ್ನ ದೊಡ್ಡ ತಕರಾರು, ಕಂತು. ಸಬ್ಸಿಡಿ ಅಂದರೆ ಕೈಗೆ ಬರುವ ದುಡ್ಡು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. 10 ಲಕ್ಷದ ಪ್ರಾಜೆಕ್ಟ್ ಇಟ್ಟುಕೊಳ್ಳಿ. ಹಳ್ಳಿಯ ಹೆಂಗಸು 50,000 ತನ್ನದು ಹಾಕುತ್ತಾಳೆ, ಉಳಿದದ್ದು ಬ್ಯಾಂಕಿನದು. ಸಬ್ಸಿಡಿಯ ಮೂರೂವರೆ ಲಕ್ಷ ಬ್ಯಾಂಕಿಗೆ ಬಂದು ಅಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷ ಆದ ಮೇಲೆ ಘಟಕ ನಡೆಯುತ್ತಿದೆಯಾ ಅಂತ ನೋಡಿ, ನಡೆಯುತ್ತಿದ್ದರೆ ಸಾಲಕ್ಕೆ ವಜಾ. ದುಡ್ಡು ಎತ್ತಿಕೊಂಡು ಬಾಗಿಲು ಹಾಕುವವರನ್ನು ತಡೆಯುವುದಕ್ಕೆ ಇದು ಒಳ್ಳೆಯ ಉಪಾಯವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಮೂರು ವರ್ಷದಲ್ಲಿ ಮೂರು ಮಳೆಗಾಲ ಇದೆಯಲ್ಲ?

ನಮ್ಮ ಪುಡಿ ಹೋಗುವುದು ಹೋಂಸ್ಟೇಗಳಿಗೆ, ಹೆದ್ದಾರಿಯ ಮಸಾಲೆ ಅಂಗಡಿಗಳಿಗೆ. ಅಕ್ಟೋಬರ್‌ನಿಂದ ಮೇ ತನಕ ಚೆನ್ನಾಗಿ ಓಡುತ್ತೆ. ಮಳೆ ಹಿಡಿದರೆ ಕೇರಳಕ್ಕೆ ಹೋಗುವ ಮಾಕುಟ್ಟ ರಸ್ತೆಯಲ್ಲಿ ಭಾರಿ ವಾಹನಕ್ಕೆ ತಡೆ ಬೀಳುವುದು ಮಾಮೂಲಿ, ಟಿವಿಯಲ್ಲಿ ಗುಡ್ಡ ಕುಸಿದ ಸುದ್ದಿ ಒಂದು ಬಂದರೆ ಜಿಲ್ಲೆಯ ಇನ್ನೊಂದು ತುದಿಯ ಬುಕಿಂಗೂ ಕ್ಯಾನ್ಸಲ್. 2018ರ ಆಗಸ್ಟ್‌ನ ಭೂಕುಸಿತ ಮರೆಯುವ ಹಾಗಿಲ್ಲ. ಆದರೆ ಕಂತು ಜುಲೈಯಲ್ಲೂ ಅದೇ, ಡಿಸೆಂಬರ್‌ನಲ್ಲೂ ಅದೇ. ತೋಟದ ಬೆಳೆ ಸಾಲಕ್ಕೆ ವರ್ಷಕ್ಕೊಮ್ಮೆ ಕಟ್ಟುವ ಪದ್ಧತಿ ಇದೆ, ಫಸಲು ಮಾರಿ ಕಟ್ಟುತ್ತೇವೆ. ಅದೇ ತೋಟದ ಬೀಜವನ್ನು ಹುರಿದು ಮಾರುವವನಿಗೆ ಮಾತ್ರ ತಿಂಗಳ ಲೆಕ್ಕ ಯಾಕೆ? ಇದೊಂದು ಬದಲಾದರೆ ಸಬ್ಸಿಡಿ ಶೇಕಡಾ 35ರಿಂದ 20ಕ್ಕೆ ಇಳಿದರೂ ನನಗೆ ಬೇಜಾರಿಲ್ಲ.

ಅದಾಗುವ ತನಕ ಇಲ್ಲಿಯವರು ಮಾಡುವ ಉಪಾಯ ಹೇಳುತ್ತೇನೆ. ಸಾಲ ಸಿಕ್ಕ ಮೇಲೆ ಶುರುವಿನ ಕೆಲವು ತಿಂಗಳು ಕಂತು ಕಟ್ಟದೆ ಇರುವ ಅವಕಾಶ ಇರುತ್ತೆ. ಫೆಬ್ರವರಿಯಲ್ಲಿ ದುಡ್ಡು ಎತ್ತಿದರೆ ಆ ವಿನಾಯಿತಿ ಸರಿಯಾಗಿ ಕಕ್ಕಡ ತಿಂಗಳಿಗೆ, ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲೇ ಮುಗಿದು ಕೂರುತ್ತೆ. ಬದಲು ಏಪ್ರಿಲ್ ಕೊನೆಗೆ ಎತ್ತಿ, ಮಳೆಯಲ್ಲಿ ಮೆಷಿನ್ ಕೂರಿಸಿ, ಲೈಸೆನ್ಸ್ ಕೆಲಸ ಮುಗಿಸಿ, ದಸರಾ ಹೊತ್ತಿಗೆ ಮಾಲು ಅಂಗಡಿಗೆ ಹಾಕಬೇಕು. ಒಂದಷ್ಟು ಕಂತಿನ ದುಡ್ಡನ್ನು ಮೇ ತಿಂಗಳಲ್ಲೇ ಸಾಲದ ಖಾತೆಗೆ ಮುಂಚಿತವಾಗಿ ಕಟ್ಟಿಡುವವರೂ ಇದ್ದಾರೆ.

ನಿಜ ಹೇಳಬೇಕೆಂದರೆ ಕೊಡಗಿನ ಸಣ್ಣ ವ್ಯಾಪಾರವನ್ನು ನಡೆಸುತ್ತಿರುವುದು ಈ ಯಾವ ಸ್ಕೀಮೂ ಅಲ್ಲ, ಊರಿನ ಸಹಕಾರಿ ಸೊಸೈಟಿ ಮತ್ತು ಮನೆಯ ಚಿನ್ನ. ಸೊಸೈಟಿಯಲ್ಲಿ ಕೂತವರಿಗೆ ನಮ್ಮ ಅಜ್ಜನೂ ಗೊತ್ತು, ನಮ್ಮ ಜಗಳವೂ ಗೊತ್ತು, ಪೆನ್ನಿನಲ್ಲಿ ಹೆಸರು ಹುಡುಕುವುದಿಲ್ಲ. 2023ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ರೈತರ ಬಡ್ಡಿಯಿಲ್ಲದ ಸಾಲವನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಗೊಬ್ಬರಕ್ಕೆ ಅಂತ ತಂದ ಆ ದುಡ್ಡು ಹೋಂಸ್ಟೇಯ ಮಂಚ, ಗೀಸರ್ ಆಗಿ ಬದಲಾದದ್ದು ಎಷ್ಟೋ. ತಪ್ಪು ಅನ್ನಿ, ಆದರೆ ಯಾಕೆ ಹಾಗಾಗುತ್ತೆ ಅಂತಲೂ ನೋಡಬೇಕು ಅಲ್ವಾ?

ಕೊರೊನಾ ಶುರುವಾದ 2020ರ ಮಾರ್ಚ್‌ನಲ್ಲಿ ಮಾಕುಟ್ಟದಲ್ಲಿ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದರು, ನಮ್ಮ ಈ ಭಾಗದ ವ್ಯಾಪಾರ ಅರ್ಧ ಅಲ್ಲೇ ನಿಂತಿತು. ಆಗ ಕೇಂದ್ರ ತಂದ ತುರ್ತು ಸಾಲದ ಸ್ಕೀಮ್ ಚೆನ್ನಾಗಿಯೇ ಇತ್ತು, ಬಾಕಿ ಇದ್ದ ಸಾಲದ ಶೇಕಡಾ 20ರಷ್ಟು ಹೊಸ ಸಾಲ, ಪೂರ್ತಿ ಸರ್ಕಾರದ ಖಾತ್ರಿ. ಆದರೆ ಲೆಕ್ಕ ಗಮನಿಸಿ, ಮೊದಲೇ ಬ್ಯಾಂಕಿನ ಸಾಲ ಇದ್ದವರಿಗೆ ಮಾತ್ರ. ಚಿನ್ನ ಇಟ್ಟು, ಕೈಗಡ ತಂದು ಅಂಗಡಿ ನಡೆಸಿದವರಿಗೆ ಶೇಕಡಾ 20 ಯಾವುದರ ಮೇಲೆ?

ಗಡಿಯಾಚೆ ಹೇಗೆ ಅಂತಲೂ ಕೇಳಿದ್ದೀರಿ. ಕೇರಳದಲ್ಲಿ 2019ರ ಕಾಯ್ದೆ ಪ್ರಕಾರ ಸಣ್ಣ ಘಟಕದವರು ಒಂದು ಸ್ವೀಕೃತಿ ಪತ್ರ ತೆಗೆದುಕೊಂಡು ಶುರು ಮಾಡಿ, ಉಳಿದ ಲೈಸೆನ್ಸ್‌ಗಳನ್ನು ಮೂರು ವರ್ಷ ಮುಗಿದ ಮೇಲೆ ಆರು ತಿಂಗಳೊಳಗೆ ಮಾಡಿಸಿಕೊಳ್ಳಬಹುದು. ನಮ್ಮಲ್ಲೂ 2020ರಲ್ಲಿ ಅಫಿಡವಿಟ್ ಕೊಟ್ಟು ಶುರು ಮಾಡುವ ಅದೇ ಥರದ ತಿದ್ದುಪಡಿ ಆಗಿದೆ. ವ್ಯತ್ಯಾಸ ಇರುವುದು ಹೇಳುವವರಲ್ಲಿ. ಅಲ್ಲಿ 2022ರಲ್ಲಿ ಪಂಚಾಯಿತಿ ಮಟ್ಟದಲ್ಲಿ ಓದಿದ ಹುಡುಗ ಹುಡುಗಿಯರನ್ನು ಇಂಟರ್ನ್ ಅಂತ ಕೂರಿಸಿದರು, ಅರ್ಜಿ ತುಂಬಿಸುವುದೇ ಅವರ ಕೆಲಸ. ಇಲ್ಲಿ ನಾವು ಬೆಳಗ್ಗೆ ಬಸ್ ಹತ್ತಿ ಮಡಿಕೇರಿಗೆ ಹೋಗಬೇಕು, ಸಂಬಂಧಪಟ್ಟವರು ಮೀಟಿಂಗ್‌ನಲ್ಲಿದ್ದರೆ ಆ ದಿನ ಹೋಯಿತು.

ಮಾಲು ಕೊಟ್ಟ ಮೇಲೆ ದುಡ್ಡು ವಸೂಲಿ ಇನ್ನೊಂದು ತಲೆನೋವು. ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಪ್ರಕಾರ 45 ದಿನದೊಳಗೆ ಕೊಡಬೇಕು, ತಪ್ಪಿದರೆ ಚಕ್ರಬಡ್ಡಿ, ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ನಮ್ಮ ಪುಡಿ ತೆಗೆದುಕೊಳ್ಳುವ ಒಂದು ರೆಸಾರ್ಟ್ ನಾಲ್ಕು ತಿಂಗಳಿಗೊಮ್ಮೆ ಬಿಲ್ ನೋಡುತ್ತೆ. ದೂರು ಕೊಡಲಿಲ್ಲ, ಕೊಡುವುದೂ ಇಲ್ಲ. ಮರುದಿನ ಬೇರೆಯವರ ಪುಡಿ ಅಲ್ಲಿಗೆ ಹೋಗುತ್ತೆ.

ಕೊನೆಗೆ ನಿಮ್ಮ ಸ್ವಂತ ಪ್ರಶ್ನೆ, ಘಟಕ ಎಲ್ಲಿ ಹಾಕಬೇಕು ಅನ್ನುವುದು. ದೊಡ್ಡದಾಗಿ ಯೋಚಿಸುತ್ತಿದ್ದರೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶ ನೋಡಿ, ಬೀಜದ ಸಿಪ್ಪೆ ತೆಗೆದು ಹದ ಮಾಡುವ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು ಅಲ್ಲೇ ಇವೆ, ಮಳೆ ಕಡಿಮೆ, ಮೈಸೂರು ಹೆದ್ದಾರಿ ಪಕ್ಕದಲ್ಲೇ. ಸಣ್ಣದಾದರೆ ಗೋಣಿಕೊಪ್ಪದಲ್ಲಿ ಬಾಡಿಗೆಗೆ ಒಂದು ಶೆಡ್ ಹಿಡಿಯಿರಿ. ತೋಟದ ಜಾಗ ಕೊಂಡು ಭೂ ಪರಿವರ್ತನೆ ಮಾಡಿಸಿ ಕಟ್ಟುತ್ತೇನೆ ಅಂತ ಹೊರಡಬೇಡಿ, 2018ರ ನಂತರ ಅದಕ್ಕೆ ಬಿಗಿ ಜಾಸ್ತಿ. ಬಾಡಿಗೆ ಕರಾರು, ಮೆಷಿನಿನ ಕೊಟೇಶನ್, ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ನೋಂದಣಿ, ಉದ್ಯಮ್ ನಂಬರ್, ಇಷ್ಟು ಹಿಡಿದುಕೊಂಡೇ ಬ್ಯಾಂಕಿಗೆ ಹೋಗಿ. ಬೆಳೆಗಾರರ ಹತ್ತಿರ ಬೀಜದ ಮಾತಾಡಬೇಕಿದ್ದರೆ ನವೆಂಬರ್‌ನಲ್ಲೇ ಬನ್ನಿ. ಜನವರಿಯಲ್ಲಿ ಎಲ್ಲರೂ ಕುಯ್ಲಿನಲ್ಲಿರುತ್ತಾರೆ, ಫೋನ್ ಕೂಡ ಎತ್ತುವುದಿಲ್ಲ.