ಬಾಯಿ ತೆರೆದರೆ ಪ್ರಾರ್ಥನೆ ಶುರು

ಧಾರವಾಡ ಕಡೆಯ ಪ್ರೊಟೆಸ್ಟೆಂಟ್ ಕುಟುಂಬ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಂದೆ ನಿವೃತ್ತ ಮಾಸ್ತರರು, 71 ವರ್ಷ. ಹೊಟ್ಟೆಯ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು, ವಾಸಿಯಾಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ನನ್ನನ್ನು ಕರೆಸಿದ್ದು ಹಿರಿಯ ಮಗ: "ಅಪ್ಪ ಮಾತ ಬಿಟ್ಟಾರ್ರಿ. ವಿಶ್ವಾಸ ಕಳಕೊಂಡಾರೇನೋ ಅಂತ ಹೆದರಿಕಿ."

ಮಗ ಆಚೆ ಹೋದ ಮೇಲೆ ಮಾಸ್ತರರು ಮೆಲ್ಲಗೆ ಹೇಳಿದರು: "ನಾ ಏನರ ಹೇಳಾಕ ಬಾಯಿ ತೆರದ್ರ ಸಾಕ್ರಿ, ಪ್ರಾರ್ಥನಾ ಸುರು ಮಾಡ್ತಾರ." ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು. ನೋವು ತಗ್ಗಿಸುವ ಮಾರ್ಫಿನ್ ಮಾತ್ರೆಯ ಪಟ್ಟಿ ಕಿಟಕಿಯಲ್ಲಿ ಒಡೆಯದೇ ಬಿದ್ದಿತ್ತು. ಅದನ್ನು ಕೊಟ್ಟರೆ ಸಾವಿಗೆ ಒಪ್ಪಿದಂತೆ ಎಂದು ಮನೆಯವರ ಅಂಜಿಕೆ.

ಮಗನೊಂದಿಗೆ ಬಹಳ ಹೊತ್ತು ಕೂತೆ. ಬಸ್ಸಿಗೆ ಕಾಯುವುದಕ್ಕೂ ನಾವು ನಿರೀಕ್ಷೆ ಅನ್ನುತ್ತೇವೆ, ಸತ್ಯವೇದದಲ್ಲೂ (ಬೈಬಲಿನಲ್ಲೂ) ಅದೇ ಪದ. ಈ ಮನೆಯಲ್ಲಿ ಎರಡೂ ಒಂದಾಗಿಬಿಟ್ಟಿದ್ದವು. ರೋಗ ಬಿಟ್ಟುಹೋಗುವುದೇ ನಿರೀಕ್ಷೆಯಾಗಿತ್ತು. ಆದರೆ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಎದ್ದು ಬರುವ, ನಿರೀಕ್ಷೆ ಸಾವನ್ನು ಇಲ್ಲವೆನ್ನುವುದಿಲ್ಲ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದ ಯೇಸು ಅವನ ಸಮಾಧಿಗೆ ಹೋಗುವಾಗ ಅತ್ತ. ಅಪೊಸ್ತಲ ಪೌಲನೂ ಥೆಸಲೋನಿಕದ ಸಭೆಯವರಿಗೆ ಅಳಬೇಡಿ ಎಂದು ಬರೆಯಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಎಂದ. ಇನ್ನೊಂದು ಮಾತು ನನಗೆ ತುಂಬ ಹಿಡಿಸಿದ್ದು: 23ನೇ ಕೀರ್ತನೆಯಲ್ಲಿ ಹುಲ್ಲುಗಾವಲು, ನೀರು ಇರುವ ತನಕ ದೇವರು 'ಆತನು', ಕಾರ್ಗತ್ತಲಿನ ಕಣಿವೆ ಬಂದೊಡನೆ 'ನೀನು'. ಇದನ್ನು ಹೇಳಿದಾಗ ಮಗ ತಲೆ ತಗ್ಗಿಸಿದ.

ನಾನು ಕೊಟ್ಟ ಸಲಹೆ ಸಣ್ಣದು. ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ಮಾತ್ರೆ ಕೊಡಿ. ನೋವು ನುಂಗಿಕೊಂಡಿರುವುದೇ ವಿಶ್ವಾಸವಲ್ಲ. ಪ್ರಾರ್ಥನೆಗೆ ಬರುವ ಗುಂಪನ್ನು ಎರಡು ದಿನ ತಡೆಯಿರಿ. ಸಭೆಯ ಅಯ್ಯನವರಿಗೆ (ಪಾದ್ರಿಗೆ) ಹೇಳಿ, ಮನೆಗೇ ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲಿ. ಎಲ್ಲಕ್ಕಿಂತ ಮೊದಲು, ನೀವೊಬ್ಬರೇ ಹತ್ತಿರ ಕೂತು "ಅಪ್ಪಾ, ಏನ ಹೇಳಬೇಕಂತೀರಿ?" ಅಂತ ಕೇಳಿ ಸುಮ್ಮನಿರಿ. ಅವರು ಮುಗಿಸಿದ ಮೇಲೆ ಪ್ರಾರ್ಥನೆ. ಕಣ್ಣೀರು ಬಂದರೆ ಬರಲಿ.

ಹತ್ತು ದಿನದ ಮೇಲೆ ಮಗ ಫೋನ್ ಮಾಡಿದ. ಮಾಸ್ತರರು ಅಂದು ರಾತ್ರಿ ಒಂದು ತಾಸು ಮಾತಾಡಿದ್ದರಂತೆ. ಬ್ಯಾಂಕಿನ ಕಾಗದ, ಸಮಾಧಿ ದಿನ ಹಾಡಬೇಕಾದ ಹಾಡು. ಆಮೇಲೆ: "ನಿಮ್ಮವ್ವನ ಮಗ್ಗಲಾಗ ಇಡ್ರಿ ನನ್ನ. ಅಲ್ಲಿ ದಾಸವಾಳ ಹಚ್ಚೀನಿ, ತೆಗ್ಗ ತೋಡುವಾಗ ಕೀಳಬ್ಯಾಡ್ರಿ."

ಅಪ್ಪ ಅಲ್ಲಿ ಗಿಡ ಹಚ್ಚಿದ್ದು ಮಗನಿಗೆ ಗೊತ್ತೇ ಇರಲಿಲ್ಲ. ಅಪ್ಪನ ಕೈ ಹಿಡಿದು ಅತ್ತನಂತೆ.