ಎಂಜಲು ಕೊಟ್ಟರೆ ಜನಾಂಗ ಗೊತ್ತಾಗುತ್ತದೆಯೇ?

ಸಮಾಜಶಾಸ್ತ್ರ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಬೇರೆ ಬೇರೆ ಅಂಗಿ ತೊಟ್ಟು ಬಂದಿದೆ. ಮೂವತ್ತು ವರ್ಷ ಪದವಿ ತರಗತಿಗಳಲ್ಲಿ ಇದಕ್ಕೇ ಉತ್ತರ ಹೇಳಿ ಗಂಟಲು ಹರಿದುಕೊಂಡವಳು ನಾನು. ನಿವೃತ್ತಿಯಾದ ಮೇಲೂ ಬಿಡಲಿಲ್ಲವಲ್ಲ! ಇವತ್ತು ಅದನ್ನು ಉದ್ದಕ್ಕೆ ಹೇಳಿಬಿಡುತ್ತೇನೆ, ಉಳಿದವರು ಸಿಕ್ಕಷ್ಟು ಜಾಗದಲ್ಲಿ ಸುಧಾರಿಸಿಕೊಳ್ಳಿ. ಸಮಾಜಕ್ಕೂ ಸಮುದಾಯಕ್ಕೂ ಏನು ವ್ಯತ್ಯಾಸ ಎಂದು ಕೇಳಿದವರು ಪಿಯುಸಿ ಪುಸ್ತಕ ತೆಗೆದು ನೋಡಿ.

ಪ್ರಶ್ನೆ: ಮೇಡಂ, ನಮ್ಮ ಸಂಘದ ಐದಾರು ಜನ ಜೊಲ್ಲಿನ ಮಾದರಿ ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸಿದೆವು. ಪೂರ್ವಿಕರು ಯಾವ ಕಡೆಯವರೆಂದು ವರದಿಯಲ್ಲಿ ಪರ್ಸೆಂಟ್ ಸಮೇತ ಬಂದಿದೆ. ನಮ್ಮದು ಆರ್ಯ ಜನಾಂಗ ಎಂದು ಸ್ಮರಣ ಸಂಚಿಕೆಯಲ್ಲಿ ಹಾಕಬಹುದೇ? ಜಾತಿ, ಜನಾಂಗ ಎರಡೂ ಒಂದೇ ತಾನೆ? (ದಾವಣಗೆರೆಯ ಓದುಗರು)

ಹಾಕಬೇಡಿ. ಪ್ರೆಸ್ಸಿಗೆ ಹೋಗಿದ್ದರೆ ಆ ಪುಟ ವಾಪಸ್ ತೆಗೆಸಿ.

ಮೊದಲು ಪದದ ತಕರಾರು. 'ನಮ್ಮ ಜನಾಂಗದ ವಧು-ವರರ ಸಮಾವೇಶ' ಎಂದು ಫ್ಲೆಕ್ಸ್ ಬರೆಸುವಾಗ ನಾವು ಹೇಳುತ್ತಿರುವುದು ಜಾತಿಯನ್ನೇ. ಜಾತಿ ಎಂದು ಬರೆಸಲು ಸಂಕೋಚ, ಅದಕ್ಕೇ ಜನಾಂಗ. ಪಠ್ಯಪುಸ್ತಕದವರು ಇದೇ ಪದವನ್ನು ತಂದು, ಮೈಬಣ್ಣ, ಮೈಕಟ್ಟು ನೋಡಿ ಮನುಷ್ಯರನ್ನು ವಿಂಗಡಿಸುವ ಇಂಗ್ಲಿಷಿನ 'ರೇಸ್'ಗೆ ಅಂಟಿಸಿದರು. ಪಾಪ, ಒಂದೇ ಪದಕ್ಕೆ ಎರಡು ಮನೆಯ ಚಾಕರಿ. ನಿಮ್ಮ ಪ್ರಶ್ನೆಯ ಅರ್ಧ ಗೊಂದಲ ಹುಟ್ಟಿದ್ದು ಅಲ್ಲಿಯೇ. ಹಾಗಾಗಿ ನಾನಿಲ್ಲಿ ರೇಸ್ ಎಂದೇ ಬರೆಯುತ್ತೇನೆ, ಕನ್ನಡಾಭಿಮಾನಿಗಳು ಕ್ಷಮಿಸಬೇಕು.

ಇನ್ನು ಆರ್ಯ. ಆರ್ಯ, ದ್ರಾವಿಡ ಎಂಬವು ವಿದ್ವಾಂಸರ ಲೆಕ್ಕದಲ್ಲಿ ಭಾಷಾ ಬಳಗಗಳು. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದ ಮಕ್ಕಳಲ್ಲ, ಅವುಗಳದ್ದೇ ಬೇರೆ ಬಳಗ ಎಂದು ಮದರಾಸಿನ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ತೋರಿಸಿದ. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದಕ್ಕೆ ದ್ರಾವಿಡ ಎಂಬ ಹೆಸರನ್ನು ಗಟ್ಟಿ ಮಾಡಿದ. ಅವರ ಮುಂದಿದ್ದ ಸಾಕ್ಷಿ ಧಾತು, ಪ್ರತ್ಯಯ, ಪದಗಳು. ಯಾರ ರಕ್ತವನ್ನೂ ಅವರು ತೆಗೆದು ನೋಡಿರಲಿಲ್ಲ. 'ಆರ್ಯ' ಪದವನ್ನು ಜಗತ್ತಿಗೆಲ್ಲ ಹಂಚಿದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರನೇ 1888ರಲ್ಲಿ ರೋಸಿಹೋಗಿ, ಆರ್ಯ ರಕ್ತ, ಆರ್ಯ ಕಣ್ಣು ಎನ್ನುವವನೂ ಉದ್ದತಲೆಯ ನಿಘಂಟು ಎನ್ನುವವನೂ ಒಂದೇ ಎಂಬರ್ಥದ ಮಾತು ಬರೆದ. ಭಾಷೆಗೆ ತಲೆಯ ಅಳತೆ ಇಲ್ಲ, ರಕ್ತಕ್ಕೆ ಭಾಷೆ ಇಲ್ಲ ಎಂದು ಇದರ ತಾತ್ಪರ್ಯ. ನೂರ ಮೂವತ್ತು ವರ್ಷ ದಾಟಿತು. ಅದು ದಾವಣಗೆರೆಗೆ ಇನ್ನೂ ತಲುಪಿಲ್ಲ, ಬೆಂಗಳೂರಿಗೂ ತಲುಪಿಲ್ಲ ಬಿಡಿ.

ಜಾತಿಯನ್ನೂ ರಕ್ತವನ್ನೂ ಗಂಟುಹಾಕುವ ಈ ರೋಗ ಅಂಟಿಸಿದವರಲ್ಲಿ ಮುಖ್ಯನಾದವನು 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು, ಬಂದ ಅಂಕಿಯಿಂದ ಜಾತಿಯ ಅಂತಸ್ತು ಹೇಳುವುದು, ಇದು ಅವನ ವಿಜ್ಞಾನ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ! ಅದೇ ಜನಗಣತಿಯಲ್ಲಿ ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಪಟ್ಟಿ ಮಾಡಲೂ ಹೊರಟ. ನಮ್ಮನ್ನು ಕ್ಷತ್ರಿಯರೆಂದು ಬರೆದುಕೊಳ್ಳಿ, ನಮ್ಮನ್ನು ವೈಶ್ಯರೆಂದು ಬರೆದುಕೊಳ್ಳಿ ಎಂದು ದೇಶದ ಉದ್ದಗಲಕ್ಕೂ ಜಾತಿ ಸಭೆಗಳಿಂದ ಅರ್ಜಿಗಳ ಸುರಿಮಳೆ. ನಿಮ್ಮ ಸ್ಮರಣ ಸಂಚಿಕೆಯೂ ಅದೇ ಅರ್ಜಿ ಕಣ್ರೀ, ಕಾಗದ ಮಾತ್ರ ಹೊಸದು.

ರಿಸ್ಲೆಯ ಲೆಕ್ಕವನ್ನು ಅವನದೇ ಅಂಕಿಗಳನ್ನಿಟ್ಟು ಕೆದಕಿದವರು ಮುಂಬಯಿಯ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ. 1932ರ ಪುಸ್ತಕದಲ್ಲಿ ಅವರು ತೋರಿಸಿದಂತೆ ಮೂಗಿಗೂ ಅಂತಸ್ತಿಗೂ ಒಂದಿಷ್ಟು ತಾಳೆಯಾಗುವುದು ಉತ್ತರದ ಗಂಗಾ ಬಯಲಿನ ಕಡೆ. ಆಚೆ ಬಂದರೆ ಲೆಕ್ಕ ಕೈಕೊಡುತ್ತದೆ. ಅಂಬೇಡ್ಕರ್ 1948ರಲ್ಲಿ ಇದೇ ಅಳತೆಗಳನ್ನು ಕೈಗೆತ್ತಿಕೊಂಡು, ಅಳತೆಯನ್ನು ನಂಬುವುದೇ ಆದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ರೇಸಿನವರೆಂದು ಒಪ್ಪಿಕೊಳ್ಳಿ ಎಂದರು. ಎದುರಾಳಿಯ ಕೈಯ ಅಡಿಪಟ್ಟಿಯನ್ನೇ ಕಿತ್ತುಕೊಂಡು ಬಾರಿಸುವುದೆಂದರೆ ಇದು.

ಮೂಗು ಹೋಯಿತು, ಈಗ ಜೊಲ್ಲು ಬಂದಿದೆ. ಎಂಜಲು ತಾಗಿದರೆ ತಟ್ಟೆಯನ್ನು ಮೂರು ಸಲ ತೊಳೆಸುತ್ತಿದ್ದ ಮನೆಗಳು ಈಗ ಎಂಜಲನ್ನೇ ಕೊರಿಯರ್ ಮಾಡಿ ಶುದ್ಧತೆಯ ಸರ್ಟಿಫಿಕೇಟ್ ತರಿಸುತ್ತಿವೆ. ಆ ಪರ್ಸೆಂಟ್ ಎಲ್ಲಿಂದ ಬರುತ್ತದೆ ಗೊತ್ತೇ? ಕಂಪನಿಯ ಹತ್ತಿರ ಇಂದು ಬದುಕಿರುವ ಒಂದಿಷ್ಟು ಜನರ ಮಾದರಿಗಳಿರುತ್ತವೆ. ನಿಮ್ಮದು ಯಾರಿಗೆ ಎಷ್ಟು ಹೋಲುತ್ತದೆ ಎಂದು ಹೋಲಿಸಿ ಹೇಳುತ್ತಾರೆ, ಅಷ್ಟೇ. ಮಾದರಿ ಬದಲಾದರೆ ಪರ್ಸೆಂಟೂ ಬದಲು. ಒಡಹುಟ್ಟಿದ ಅಣ್ಣ-ತಂಗಿಗೇ ಬೇರೆ ಬೇರೆ ಅಂಕಿ ಬರುತ್ತದೆ, ಹಾಗೆಂದು ತಂಗಿಯ ರೇಸ್ ಬೇರೆ ಎನ್ನುತ್ತೀರಾ? 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ರಕ್ತದ ಗುಂಪು, ರಕ್ತದ ಪ್ರೋಟೀನುಗಳನ್ನು ಹಿಡಿದು ಲೆಕ್ಕ ಹಾಕಿದ. ಮನುಷ್ಯರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೇ ಊರು, ಒಂದೇ ಜನರ ಒಳಗೇ ಸಿಗುತ್ತದೆ. 'ರೇಸ್'ಗಳ ನಡುವಿನ ಪಾಲು ನೂರಕ್ಕೆ ಆರರ ಆಸುಪಾಸು. ವಲಸೆಯ ಚರಿತ್ರೆ ತಿಳಿಯಲು ಡಿಎನ್‌ಎ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಸಂಘದ ಬ್ಯಾನರಿಗೆ ಬೇಕಾದ ಉತ್ತರ ಕೊಡುವುದಿಲ್ಲ.

ಹಾಗಾದರೆ ರೇಸ್ ಎಂಬುದೇ ಸುಳ್ಳೇ? ಇಲ್ಲಿ ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಜಾರಿ ಬೀಳುತ್ತಿದ್ದರು. ಮೈಯೊಳಗೆ ಇಲ್ಲ ಎಂದ ಮಾತ್ರಕ್ಕೆ ಲೋಕದಲ್ಲಿ ಇಲ್ಲ ಎಂದಾಗುವುದಿಲ್ಲ. ಅದು ಕಾನೂನಿನಲ್ಲಿದೆ, ಅರ್ಜಿ ನಮೂನೆಯಲ್ಲಿದೆ, ಪೊಲೀಸರ ಲಾಠಿಯಲ್ಲಿದೆ.

ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರ ಕಥೆ ಕೇಳಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಅಲ್ಲಿ ಆಗ ಏಷ್ಯಾದಿಂದ ಹೋದವರು ಪೌರತ್ವ ಪಡೆಯಬೇಕೆಂದರೆ ತಾವು ಬಿಳಿಯರೆಂದು ತೋರಿಸಬೇಕಿತ್ತು. 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಚರ್ಮ ಬೆಳ್ಳಗಿದ್ದರೆ ಸಾಲದು, ಬಿಳಿಯ ಎಂದರೆ ಆಗಿನ ಪಂಡಿತರ ವರ್ಗೀಕರಣದ 'ಕಕೇಶಿಯನ್' ರೇಸಿನವನು ಎಂದಿತು. ಥಿಂಡ್ ಅವರ ವಾದ ಇದಕ್ಕೆ ಹೇಳಿ ಮಾಡಿಸಿದಂತಿತ್ತು: ನಾನು ಆರ್ಯ, ಪಂಡಿತರ ಪ್ರಕಾರ ಕಕೇಶಿಯನ್, ನನಗೆ ಪೌರತ್ವ ಕೊಡಿ. (ನಿಮ್ಮ ಸಂಘದ ವಾದವೇ.) ಮೂರೇ ತಿಂಗಳಲ್ಲಿ, 1923ರ ಫೆಬ್ರವರಿಯಲ್ಲಿ, ಒಜಾವಾ ತೀರ್ಪು ಬರೆದಿದ್ದ ಅದೇ ನ್ಯಾಯಮೂರ್ತಿ ಸದರ್ಲೆಂಡ್ ಬರೆದ ತೀರ್ಪು ಬಂತು. ಪಂಡಿತರು ಏನಾದರೂ ಹೇಳಲಿ, ಬಿಳಿಯ ಎಂದರೆ ಜನಸಾಮಾನ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನು! ಅರ್ಜಿ ವಜಾ. ಒಜಾವಾಗೆ ವಿಜ್ಞಾನ ತೋರಿಸಿ ಬಾಗಿಲು ಹಾಕಿದರು, ಥಿಂಡ್‌ಗೆ ಜನಸಾಮಾನ್ಯನನ್ನು ತೋರಿಸಿ ಹಾಕಿದರು. ಬೇಕಿದ್ದದ್ದು ಬಾಗಿಲು ಹಾಕುವುದು.

ಆ ದೇಶದ ಜನಗಣತಿಯಲ್ಲಿ ನಮ್ಮವರ ಪ್ರಯಾಣ ಇನ್ನೂ ಮಜಾ. 1930 ಮತ್ತು 1940ರಲ್ಲಿ ಭಾರತದಿಂದ ಹೋದವರ ರೇಸ್ 'ಹಿಂದೂ'. ಸಿಖ್ಖರಾದರೂ ಮುಸ್ಲಿಮರಾದರೂ ಹಿಂದೂ. 1970ರಲ್ಲಿ 'ಬಿಳಿಯ'. 1980ರಲ್ಲಿ 'ಏಷ್ಯನ್ ಇಂಡಿಯನ್'. ಇಲ್ಲಿಂದ ಹೋದ ಎಣ್ಣೆಗಪ್ಪು ಬಣ್ಣದ ಎಂಜಿನಿಯರೊಬ್ಬ ಶಿಕಾಗೊದಲ್ಲಿ ಹತ್ತು ವರ್ಷ ಬಿಳಿಯನಾಗಿದ್ದು ಆಮೇಲೆ ಏಷ್ಯನ್ ಆದ. ಅವನ ಜೊಲ್ಲು ಬದಲಾಗಿರಲಿಲ್ಲ, ನಮೂನೆ ಬದಲಾಗಿತ್ತು.

ನಮ್ಮಲ್ಲೇನು ಕಡಿಮೆಯೇ? ಯಲ್ಲಾಪುರ, ಹಳಿಯಾಳ, ಅಂಕೋಲೆ ಕಡೆಯ ಸಿದ್ದಿಗಳನ್ನು ನೋಡಿ. ಪೂರ್ವಿಕರು ಆಫ್ರಿಕಾದಿಂದ ಬಂದವರು, ಹಲವರನ್ನು ಗುಲಾಮರನ್ನಾಗಿ ತಂದರು. ಶತಮಾನಗಳಿಂದ ಇಲ್ಲಿಯವರೇ, ಕೊಂಕಣಿ, ಕನ್ನಡ ಆಡುವವರು. 1980ರ ದಶಕದ ಕೊನೆಯಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ಇವರ ಮಕ್ಕಳನ್ನು ಆರಿಸಿ ಓಟಕ್ಕೆ ತಯಾರು ಮಾಡಿತು. ಆಫ್ರಿಕಾದ ರಕ್ತ, ಪದಕ ತರುತ್ತಾರೆ ಎಂಬ ಆಸೆ. ಕೆಲವರು ಚೆನ್ನಾಗಿಯೇ ಓಡಿದರು. ಕೆಲವೇ ವರ್ಷಗಳಲ್ಲಿ ಯೋಜನೆಯನ್ನು ಮುಚ್ಚಿ ಮಕ್ಕಳನ್ನು ಊರಿಗೆ ಕಳಿಸಿದರು. ಆ ಊರುಗಳ ಶಾಲೆ, ಜಮೀನಿನ ಹಕ್ಕುಪತ್ರದ ಬಗ್ಗೆ ಅದೇ ಉತ್ಸಾಹ ತೋರಿಸಿದ್ದರೆ? ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಗಲು 2003ರವರೆಗೆ ಕಾಯಬೇಕಾಯಿತು. 2012ರ ಆಗಸ್ಟಿನಲ್ಲಿ ಈಶಾನ್ಯದವರು ದಾಳಿಯ ವದಂತಿಗೆ ಹೆದರಿ ಬೆಂಗಳೂರಿನಿಂದ ವಿಶೇಷ ರೈಲುಗಳಲ್ಲಿ ಗುವಾಹಟಿಗೆ ಹೊರಟಿದ್ದೂ, 2016ರಲ್ಲಿ ಯಾರದೋ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಥಳಿಸಿದ್ದೂ ಇದೇ ರಾಜ್ಯದಲ್ಲಿ. 'ನಮ್ಮಲ್ಲಿ ರೇಸಿಸಂ ಇಲ್ಲ' ಎಂದು ಪತ್ರ ಬರೆದ ಇಬ್ಬರಿಗೂ ಇದೇ ಉತ್ತರ.

ಕೊನೆಗೆ, ಜಾತಿಯೂ ರೇಸೂ ಒಂದೇ ಏನು? ಹುಟ್ಟಿನಿಂದ ಅಂಟುವುದು, ಅಪಮಾನ, ಮದುವೆಯ ಬೇಲಿ, ಇಷ್ಟರಲ್ಲಿ ಹೋಲಿಕೆಯುಂಟು. ಆದರೆ ಜಾತಿ ಮುಖದ ಮೇಲೆ ಕಾಣುವುದಿಲ್ಲ. ಕಾಣುತ್ತಿದ್ದರೆ ಮನೆ ಓನರು 'ಯಾವ ಕಡೆಯವರು?', 'ವೆಜ್ಜಾ, ನಾನ್‌ವೆಜ್ಜಾ?' ಎಂದು ಇಷ್ಟೆಲ್ಲ ಬಳಸಿ ಬಳಸಿ ಏಕೆ ಕೇಳಬೇಕಿತ್ತು? 1916ರಲ್ಲಿ, ಇಪ್ಪತ್ತೈದರ ಅಂಬೇಡ್ಕರ್ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಗುಟ್ಟು ಒಳಮದುವೆ ಎಂದರು. ಬೇಲಿ ಹಾಕಿ ಕಾಯುವುದರಿಂದ ಜಾತಿ, ಬೇಲಿಯೊಳಗಿನವರು ಬೇರೆ ತಳಿ ಎಂಬುದರಿಂದಲ್ಲ. 2001ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ರೇಸಿಸಂ ವಿರೋಧಿ ಸಮ್ಮೇಳನದ ಹೊತ್ತಿಗೆ ಇದರ ಮೇಲೆ ದೊಡ್ಡ ಜಗಳವಾಯಿತು. ಜಾತಿಯನ್ನು ರೇಸ್ ಎನ್ನುವುದು ವಿಜ್ಞಾನದ ದೃಷ್ಟಿಯಲ್ಲಿ ಅಸಂಬದ್ಧ ಎಂದು ಸಮಾಜಶಾಸ್ತ್ರಜ್ಞ ಆಂದ್ರೆ ಬೆತೈ ಖಡಕ್ಕಾಗಿ ಬರೆದರು. ದಲಿತ ಸಂಘಟನೆಗಳು, ಹೆಸರೇನಾದರೂ ಇರಲಿ, ಜಗತ್ತಿನ ಮುಂದೆ ಈ ಮಾತು ಬರಲೇಬೇಕು ಎಂದವು. ಪರಿಕಲ್ಪನೆಯ ಮಟ್ಟಿಗೆ ನಾನು ಬೆತೈ ಕಡೆ, ರಾಜಕೀಯದ ಮಟ್ಟಿಗೆ ಸಂಘಟನೆಗಳ ಕಡೆ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿದಾಗ ರೇಸ್ ಎಂಬ ಪದದಡಿ ಅದನ್ನು ತೂರಿಸದೆ ಬೇರೆಯಾಗಿಯೇ ಹೆಸರಿಸಿತು. ಅದು ಸರಿಯಾದ ಕ್ರಮ.

ಇನ್ನೊಂದು ಮಾತು. ನಿಮ್ಮ ಜೊಲ್ಲಿನ ಜೊತೆ ನಿಮ್ಮ ಮಕ್ಕಳು, ತಮ್ಮಂದಿರ ಗುಟ್ಟೂ ಹೋಗುತ್ತದೆ, ಅವರನ್ನು ಕೇಳಿದ್ದೀರಾ? ಈ ವ್ಯಾಪಾರದ ಅಮೆರಿಕದ ದೊಡ್ಡ ಕಂಪನಿಯೊಂದು 2025ರಲ್ಲಿ ದಿವಾಳಿ ಅರ್ಜಿ ಹಾಕಿತು, ಗ್ರಾಹಕರ ಮಾಹಿತಿ ಯಾರ ಪಾಲಾಗುತ್ತದೋ ಎಂದು ಎಲ್ಲರೂ ಕಂಗಾಲಾದರು. ನನ್ನನ್ನು ಹೆದರುಪುಕ್ಕಲಿ ಎನ್ನಿ, ನಾನಂತೂ ಕೊಡಲಾರೆ.

ಪ್ರಶ್ನೆ: ಜೆಂಡರ್ ಎಂಬುದು ಪಾಶ್ಚಾತ್ಯರ ಕಲ್ಪನೆ. ಹೆಣ್ಣಿಗೆ ಅಡುಗೆ ಹುಟ್ಟಿನಿಂದಲೇ ಬರುತ್ತದಲ್ಲವೇ? (ಶಿವಮೊಗ್ಗ)

ಹೌದಾದರೆ ಮದುವೆ ಮನೆಯ ಅಡುಗೆ ಭಟ್ಟರೇಕೆ ಗಂಡಸರು? ಉಡುಪಿ ಹೋಟೆಲಿನ ಒಳಗೆ ದೋಸೆ ಹುಯ್ಯುವವರು ಯಾರು? ಸಂಬಳ ಸಿಗುವ ಒಲೆ ಗಂಡಸಿಗೆ, ಸಿಗದ ಒಲೆ ಹೆಂಗಸಿಗೆ. ಈ ಹಂಚಿಕೆ ಗರ್ಭಕೋಶದಿಂದ ಬರುವುದಿಲ್ಲ, ಇದಕ್ಕೇ ಜೆಂಡರ್ ಎನ್ನುವುದು. ನಿಮ್ಮ ಜಿಲ್ಲೆಯ ಹವ್ಯಕರ ಮಾತನ್ನೇ ಕೇಳಿ. ಮನೆಯ ಹೆಂಗಸು ಬಂದರೆ 'ಅದು ಬಂತು' ಎನ್ನುತ್ತಾರೆ. ಹವ್ಯಕರಲ್ಲದ ಪಕ್ಕದ ಮನೆಯವರು ತಮ್ಮ ಮನೆಯ ಹೆಂಗಸು ಬಂದರೆ 'ಬಂದಳು' ಎನ್ನುತ್ತಾರೆ. ಇಬ್ಬರು ಹೆಂಗಸರ ಮೈ ಬೇರೆಯೇ?

ಪ್ರಶ್ನೆ: ಸಂಸ್ಕೃತೀಕರಣ ಎಂದರೆ ಎಲ್ಲರೂ ಸಂಸ್ಕೃತ ಕಲಿಯುವುದೇ? (ಹಾಸನ)

ಅಲ್ಲ. ಎಂ.ಎನ್. ಶ್ರೀನಿವಾಸ್ 1952ರಲ್ಲಿ, ಕೊಡವರ ಕುರಿತ ಪುಸ್ತಕದಲ್ಲಿ ಹೇಳಿದ್ದು, ಕೆಳಗಿನದೆನಿಸಿದ ಜಾತಿ ಮೇಲಿನದರ ಆಚಾರ, ಊಟ, ಪೂಜೆಗಳನ್ನು ಅನುಸರಿಸಿ ಮೇಲೇರಲು ನೋಡುವುದನ್ನು. ಆಚಾರ ಬದಲಾದೊಡನೆ ಅಂತಸ್ತು ಕೈಗೆ ಬರುತ್ತದೆ ಎಂದು ಅವರು ಹೇಳಲಿಲ್ಲ, ಗೈಡುಗಳು ಹೇಳುತ್ತವೆ. ಗೈಡು ಓದುವುದನ್ನು ಬಿಡಿ.

ಪ್ರಶ್ನೆ: ಮಾರ್ಕ್ಸ್ ಸರಿಯೋ, ವೆಬರ್ ಸರಿಯೋ? (ಕಲಬುರಗಿ)

ಇದು ಕ್ರಿಕೆಟ್ ಅಲ್ಲ.

ಪ್ರಶ್ನೆ: ಸಮಾಜಶಾಸ್ತ್ರ ಓದಿದರೆ ಸಮಾಜಸೇವೆ ಮಾಡಬೇಕೇ? (ತುಮಕೂರು)

ಖಗೋಳಶಾಸ್ತ್ರ ಓದಿದವರು ನಕ್ಷತ್ರಗಳ ಸೇವೆ ಮಾಡುತ್ತಾರೆಯೇ?

ಪ್ರಶ್ನೆ: ಹುಡುಗ-ಹುಡುಗಿ ಒಂದೇ ಗೋತ್ರ, ಡಿಎನ್‌ಎ ವರದಿ ಚೆನ್ನಾಗಿದೆ. ಮದುವೆ ಮಾಡಬಹುದೇ? (ಧಾರವಾಡ)

ಒಂದೇ ಗೋತ್ರದವರ ಮದುವೆ ಕಾನೂನುಬದ್ಧವೆಂದು 1946ರ ಕಾಯ್ದೆಯಿಂದಲೇ ಇತ್ಯರ್ಥವಾಗಿದೆ, 1955ರ ಹಿಂದೂ ವಿವಾಹ ಕಾಯ್ದೆಯೂ ಅದನ್ನು ತಡೆಯುವುದಿಲ್ಲ. ಹುಡುಗ-ಹುಡುಗಿಯನ್ನು ಕೇಳಿದಿರಾ, ಅದನ್ನು ಬರೆದಿಲ್ಲ.